ಪಟ್ಟಿಯಲ್ಲಿದ್ದ ಸೇತುವೆ

ಕಾರು ನೋಡಲು ಬಂದವರು ಬಾಗಿಲು ತೆಗೆದು, ಕೀ ತಿರುಗಿಸಿ, ಸೀದಾ ಮೀಟರಿನ ಮೇಲೆ ಬಗ್ಗಿದರು. 1,38,400 ಎಂದಿತ್ತು. ಅವರ ಮುಖ ಸಣ್ಣದಾಯಿತು.

“ಎಂತ ಮೇಡಂ, ಟ್ಯಾಕ್ಸಿ ಓಡಿಸಿದ್ದಾ?”

ಬಿಜೈಯ ನಮ್ಮ ಮನೆಯಂಗಳದಲ್ಲಿ ಹನ್ನೊಂದು ವರ್ಷ ನಿಂತಿದ್ದ ಬಿಳಿ ವ್ಯಾಗನ್-ಆರ್ ಅದು. 2012ರಲ್ಲಿ ಸಾಲ ಮಾಡಿ ತೆಗೆದುಕೊಂಡದ್ದು. “ಟ್ಯಾಕ್ಸಿ ಅಲ್ಲ, ಆಫೀಸ್ ಕೆಲಸಕ್ಕೆ ಓಡಿದ್ದು” ಎಂದೆ. “ಹಾಗಾದರೆ ಆಫೀಸಿನವರಿಗೇ ಮಾರಬೇಕಿತ್ತಲ್ಲ” ಎಂದು ನಕ್ಕು, ನಾನು ಒಂದೂವರೆ ಲಕ್ಷ ಅಂದುಕೊಂಡಿದ್ದನ್ನು ಒಂದು ಲಕ್ಷದ ಹತ್ತು ಸಾವಿರಕ್ಕೆ ಇಳಿಸಿದರು. ಅವರು ತಮಾಷೆಗೆ ಹೇಳಿದ್ದು. ಆದರೆ ಆ ರಾತ್ರಿ ಊಟ ಮಾಡಿ ಕೂತಾಗ ಅದೇ ಮಾತು ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡತೊಡಗಿತು. ಆ ನಲವತ್ತು ಸಾವಿರ ನಿಜವಾಗಿ ಯಾರದ್ದು?

ನಾನು ಕೆಲಸ ಮಾಡುತ್ತಿದ್ದದ್ದು ಮನೆ ಕಟ್ಟಲು ಸಾಲ ಕೊಡುವ ಒಂದು ಕಂಪನಿಯಲ್ಲಿ. ಹೆಸರು ಬೇಡ. ನನ್ನ ಕೆಲಸ ಸರಳ. ಪಂಚಾಂಗ ಎದ್ದಿದೆಯೇ, ಲಿಂಟಲ್ ಮಟ್ಟಕ್ಕೆ ಬಂದಿದೆಯೇ, ಸ್ಲ್ಯಾಬ್ ಬಿದ್ದಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ, ಫೋಟೋ ತೆಗೆದು ಬರೆದುಕೊಟ್ಟರೆ ಸಾಲದ ಮುಂದಿನ ಕಂತು ಬಿಡುಗಡೆಯಾಗುತ್ತದೆ. ಮನೆ ಕಟ್ಟುವವರು ಬಸ್ಸು ಸಿಗುವ ಜಾಗದಲ್ಲಿ ಕಟ್ಟುವುದಿಲ್ಲ. ಅಲ್ಲಿ ಸೈಟಿಗೆ ದುಡ್ಡಿರುವುದಿಲ್ಲ. ನೀರುಮಾರ್ಗದ ಆಚೆ, ಕೊಣಾಜೆಯ ಒಳಗೆ, ಕುಪ್ಪೆಪದವಿನ ಗುಡ್ಡದ ಬುಡದಲ್ಲಿ ಕೆಂಪುಕಲ್ಲಿನ ರಾಶಿಯ ಪಕ್ಕ ಕಾಯುತ್ತಾ ನಿಂತಿರುತ್ತಾರೆ. ಸಂದರ್ಶನದಲ್ಲಿ ನನ್ನನ್ನು ಕೇಳಿದ ಮೂರನೇ ಪ್ರಶ್ನೆಯೇ “ಸ್ವಂತ ವಾಹನ ಇದೆಯಾ?” ಎಂಬುದು. ಇಲ್ಲ, ತೆಗೆದುಕೊಳ್ಳುತ್ತೇನೆ ಎಂದೆ. ಕಂಪನಿಯ ಕೆಲಸಕ್ಕೆ ಬೇಕಾದ ಮುಖ್ಯ ಯಂತ್ರವನ್ನು ನಾನೇ ಸಾಲ ಮಾಡಿ ತರುತ್ತೇನೆ ಎಂದು ಒಪ್ಪಿಕೊಂಡೆ ಎಂಬುದು ಆಗ ಹೊಳೆಯಲೇ ಇಲ್ಲ. ಕೆಲಸ ಸಿಕ್ಕಿದ ಖುಷಿಯಲ್ಲಿದ್ದೆ.

ಕಾರಿಗೆ ಕಿಲೋಮೀಟರಿಗೆ ಎಂಟು ರೂಪಾಯಿ, ಬೈಕಿಗೆ ಮೂರೂವರೆ. ತಿಂಗಳ ಕೊನೆಗೆ ಕ್ಲೇಮ್ ಹಾಕಬೇಕು. ದಿನಾಂಕ, ಎಲ್ಲಿಂದ, ಎಲ್ಲಿಗೆ, ಯಾವ ಫೈಲು, ಎಷ್ಟು ಕಿಲೋಮೀಟರ್. ಮನೆಯಿಂದ ಸೀದಾ ಸ್ಥಳಕ್ಕೆ ಹೋದರೆ ಮನೆಯಿಂದಲೋ ಆಫೀಸಿನಿಂದಲೋ, ಯಾವುದು ಕಡಿಮೆಯೋ ಅದು. ಟೋಲ್ ಚೀಟಿ ಅಂಟಿಸಬೇಕು. ತಲಪಾಡಿ, ಬ್ರಹ್ಮರಕೂಟ್ಲು, ಸುರತ್ಕಲ್, ಹೆಜಮಾಡಿ ಎಂದು ನಾಲ್ಕು ದಿಕ್ಕಿಗೂ ಒಂದೊಂದು ಗೇಟು ಆಗ ಇದ್ದ ಊರು ನಮ್ಮದು. ಆ ಚೀಟಿಯ ಕಾಗದ ಕಾರಿನ ಬಿಸಿಲಿಗೆ ಹದಿನೈದು ದಿನದಲ್ಲಿ ಬಿಳಿಯಾಗುತ್ತಿತ್ತು. ತಿಂಗಳ ಕೊನೆಗೆ ಖಾಲಿ ಕಾಗದ ಅಂಟಿಸಿ, ಕೆಳಗೆ ಪೆನ್ನಿನಿಂದ ಮೊತ್ತ ಬರೆಯುತ್ತಿದ್ದೆ. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಆ ತೊಂದರೆ ತಪ್ಪಿ ಬೇರೆಯದು ಶುರುವಾಯಿತು. ಕಟೀಲಿನ ಮದುವೆಗೆ ಹೋದದ್ದೂ ಮೂಲ್ಕಿಯ ಫೈಲಿಗೆ ಹೋದದ್ದೂ ಒಂದೇ ಹಾಳೆಯಲ್ಲಿ ಬರತೊಡಗಿತು.

ಎಂಟು ರೂಪಾಯಿ ಎಂದರೆ ಮೊದಮೊದಲು ಲಾಭದ ಹಾಗೇ ಕಂಡಿತ್ತು. ಪೆಟ್ರೋಲಿಗೆ ಕೊಟ್ಟು ಸ್ವಲ್ಪ ಉಳಿಯುತ್ತಿತ್ತಲ್ಲ! ಆ ಉಳಿಕೆಯನ್ನು ನಾನು ಮಗಳ ಸಂಗೀತದ ಕ್ಲಾಸಿಗೆ ಕೊಟ್ಟು ಸುಖವಾಗಿದ್ದೆ. ಕಾರು ತಾನೂ ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತಿದೆ ಎಂದು ಲೆಕ್ಕ ಹಾಕುವ ಬುದ್ಧಿ ಬಂದದ್ದು 2021ರಲ್ಲಿ, ಕರ್ನಾಟಕದ ಊರುಗಳಲ್ಲಿ ಒಂದೊಂದಾಗಿ ಪೆಟ್ರೋಲು ನೂರು ದಾಟುತ್ತಿದ್ದಾಗ. ನನ್ನ ಕಾರು ಊರೊಳಗೆ ಲೀಟರಿಗೆ ಹದಿನೈದು ಕೊಡುತ್ತಿತ್ತು. ಅಂದರೆ ಪೆಟ್ರೋಲಿಗೇ 6 ರೂಪಾಯಿ 67 ಪೈಸೆ. ನಾಲ್ಕು ಟೈರಿಗೆ ಹದಿನಾಲ್ಕು ಸಾವಿರ, ನಲವತ್ತು ಸಾವಿರ ಕಿಲೋಮೀಟರ್ ಬಾಳಿದರೆ 35 ಪೈಸೆ. ಸರ್ವಿಸ್ 50 ಪೈಸೆ. ವಿಮೆ 75 ಪೈಸೆ. ಕಾರಿನ ಬೆಲೆ ಇಳಿದದ್ದನ್ನು ಆಗ ಸೇರಿಸಿರಲಿಲ್ಲ. ಮಾರಿದ ರಾತ್ರಿ ಸೇರಿಸಿದೆ. ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೆ ತಂದದ್ದು ಒಂದು ಲಕ್ಷ ಹತ್ತು ಸಾವಿರಕ್ಕೆ ಹೋಯಿತು. ಉಳಿದ ಮೂರು ಲಕ್ಷ ಹತ್ತು ಸಾವಿರವನ್ನು ಓಡಿದ ದೂರಕ್ಕೆ ಹಂಚಿದರೆ 2 ರೂಪಾಯಿ 24 ಪೈಸೆ. ಎಲ್ಲ ಸೇರಿ ಹತ್ತೂವರೆ. ಕಂಪನಿ ಕೊಟ್ಟದ್ದು ಎಂಟು.

ಇದರಲ್ಲಿ ಪಂಪ್‌ವೆಲ್ ಸೇರಿಲ್ಲ. 2020ರ ಜನವರಿ 31ರಂದು ಆ ಮೇಲ್ಸೇತುವೆ ಉದ್ಘಾಟನೆಯಾಗುವವರೆಗೆ ಅದರ ಕೆಳಗೆ ನಿಂತು ಉರಿಸಿದ ಪೆಟ್ರೋಲಿಗೆ ಕಿಲೋಮೀಟರೇ ಇಲ್ಲ. ನಿಂತದ್ದಕ್ಕೆ ಯಾವ ಫಾರಂನಲ್ಲಿಯೂ ಕಾಲಂ ಇರುವುದಿಲ್ಲ.

ಬೇರೆಯವರು ಏನು ಕೊಡುತ್ತಾರೆ ಎಂದು ಹುಡುಕಿದ್ದೂ ಆ ದಿನಗಳಲ್ಲೇ. ಏಳನೇ ವೇತನ ಆಯೋಗದ ನಂತರ 2017ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಆದೇಶದಲ್ಲಿ, ಬೇರೆ ದರ ನಿಗದಿಯಾಗದ ಊರುಗಳಲ್ಲಿ ಅಧಿಕಾರಿಗಳು ಟ್ಯಾಕ್ಸಿಯಲ್ಲೋ ಸ್ವಂತ ಕಾರಿನಲ್ಲೋ ಹೋದರೆ ಕಿಲೋಮೀಟರಿಗೆ 24 ರೂಪಾಯಿ, ಆಟೋ ಅಥವಾ ಸ್ವಂತ ಸ್ಕೂಟರಿಗೆ 12 ಎಂದಿದೆ. ಓದಿ ನಗು ಬಂತು. ಬ್ರಿಟನ್ನಿನಲ್ಲಿ 2011ರಲ್ಲಿ ತೆರಿಗೆ ಇಲಾಖೆ ಮೊದಲ ಹತ್ತು ಸಾವಿರ ಮೈಲಿಗೆ 45 ಪೆನ್ಸ್, ಆಮೇಲೆ 25 ಎಂದು ಗೊತ್ತುಮಾಡಿತು. ಮಾಲೀಕ ಅದಕ್ಕಿಂತ ಕಡಿಮೆ ಕೊಟ್ಟರೆ ಕೊರತೆಯಾದ ಮೊತ್ತಕ್ಕೆ ನೌಕರ ತೆರಿಗೆ ವಿನಾಯಿತಿ ಕೇಳಬಹುದು. ಅಲ್ಲಿ ಸೈಕಲ್ಲಿಗೂ ದರ ಉಂಟು, ಮೈಲಿಗೆ 20 ಪೆನ್ಸ್. ನಡೆಯುವವರಿಗೆ ಅಲ್ಲಿಯೂ ಇಲ್ಲ. ಅದು ನನ್ನ ಕಣ್ಣಿಗೆ ಬೀಳಲು ಕಾರಣ ಅಪ್ಪ.

ಅಪ್ಪ ಪಿಗ್ಮಿ ಕಲೆಕ್ಟರ್ ಆಗಿದ್ದರು. ಈಗಿನ ವಿದ್ಯಾರ್ಥಿಗಳಿಗೆ ಪಿಗ್ಮಿ ಎಂದರೆ ಸ್ವಲ್ಪ ವಿವರಿಸಬೇಕಾದೀತು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆ ಉಳಿಸುವವರ ಬಾಗಿಲಿಗೆ ಬ್ಯಾಂಕಿನವನೇ ಹೋಗುವುದು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಮೀನು ಮಾರುವವರು, ಬೀಡಿ ಕಟ್ಟುವವರು, ಸಣ್ಣ ಅಂಗಡಿಯವರು ಹೀಗೆ ಬ್ಯಾಂಕಿನ ಗ್ರಾಹಕರಾದರು. ಈ ಜಿಲ್ಲೆಯನ್ನು ಬ್ಯಾಂಕುಗಳ ತೊಟ್ಟಿಲು ಎಂದು ಭಾಷಣದಲ್ಲಿ ಹೊಗಳುವಾಗ ಆ ತೊಟ್ಟಿಲನ್ನು ದಿನಾ ತೂಗಿದ ಚಪ್ಪಲಿಗಳ ನೆನಪು ಯಾರಿಗೂ ಆಗುವುದಿಲ್ಲ.

ಅಪ್ಪ ಸಿಂಡಿಕೇಟ್ ಬ್ಯಾಂಕಿನವರಲ್ಲ. ಅದೇ ಮಾದರಿಯ ಪಿಗ್ಮಿ ನಡೆಸುತ್ತಿದ್ದ ಒಂದು ಸಹಕಾರಿ ಸಂಘದವರು. ನೂರಕ್ಕೆ ಮೂರು ರೂಪಾಯಿ ಕಮಿಷನ್, ಬೇರೆ ಏನೂ ಇಲ್ಲ. ಕಾರ್‌ಸ್ಟ್ರೀಟ್, ಡೊಂಗರಕೇರಿ, ಮಣ್ಣಗುಡ್ಡೆ, ಕುದ್ರೋಳಿ, ಬಂದರು. ದಿನಾ ಒಂದೇ ಸುತ್ತು, ಒಂದೇ ಹೊತ್ತು. ಕೆಲವು ಅಂಗಡಿಯವರು ಅಪ್ಪ ಬಂದರೆ ಹನ್ನೊಂದು ಗಂಟೆ ಎಂದು ಚಹಾಕ್ಕೆ ಹೇಳುತ್ತಿದ್ದರಂತೆ. ಸೈಕಲ್ ಕಲಿಯಲಿಲ್ಲ, ಬ್ಯಾಗಿನಲ್ಲಿ ಊರವರ ದುಡ್ಡಿಟ್ಟುಕೊಂಡು ಬಿದ್ದರೆ ಏನು ಗತಿ ಎಂಬ ಹೆದರಿಕೆ.

ಅವರಲ್ಲೊಂದು ಸಣ್ಣ ಡೈರಿ ಇತ್ತು. ಈಗ ನನ್ನಲ್ಲಿದೆ. ಒಂದು ಕಡೆ ಕಮಿಷನ್ನು, ಇನ್ನೊಂದು ಕಡೆ ಅದಕ್ಕೆ ಮಾಡಿದ ಖರ್ಚು. “ಬಾಟಾ 65”, “ಕೊಡೆ ರಿಪೇರಿ 8”, “ಮಳೆ, ಸ್ಟೇಟ್‌ಬ್ಯಾಂಕ್–ಉರ್ವ ಬಸ್ 2”. ಚಿಕ್ಕವಳಿದ್ದಾಗ ಬಾಟಾ ಎಂದರೆ ಚಪ್ಪಲಿ ಎಂದಷ್ಟೇ ಗೊತ್ತಿತ್ತು. ದೊಡ್ಡವಳಾದ ಮೇಲೆ ಪ್ರವಾಸಕ್ಕೆ ಗಾಡಿ ಮಾಡಿದಾಗ “ಡ್ರೈವರ್ ಬಾಟಾ ಬೇರೆ” ಎಂದದ್ದು ಕೇಳಿ, ಇವನಿಗೂ ಚಪ್ಪಲಿ ಕೊಡಿಸಬೇಕಾ ಎಂದು ನಾನು ನಿಜವಾಗಿ ಕೇಳಿದ್ದುಂಟು. ಆ ಬಾಟಾ ಬೇರೆ. 1886ರ ಹಾಬ್ಸನ್-ಜಾಬ್ಸನ್ ಕೋಶ ಆ ಪದದ ಬೇರನ್ನು ನಮ್ಮ ಭತ್ತದವರೆಗೆ ಒಯ್ಯುತ್ತದೆ. ಹೊಟ್ಟೆಪಾಡಿಗೆ ಕೊಡುವ ಧಾನ್ಯ ಆಮೇಲೆ ದುಡ್ಡಾಯಿತು ಎಂಬ ಲೆಕ್ಕ. ಅಪ್ಪನಿಗೆ ಆ ಬಾಟಾ ಯಾವತ್ತೂ ಸಿಗಲಿಲ್ಲ. ಚಪ್ಪಲಿಯ ಬಾಟಾವನ್ನು ಮಾತ್ರ ವರ್ಷಕ್ಕೆ ಎರಡು ಸಲ ಅವರೇ ಕೊಂಡರು.

2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಸಿಂಡಿಕೇಟ್ ಬ್ಯಾಂಕ್ ಮತ್ತಿತರ ಬ್ಯಾಂಕುಗಳ ಠೇವಣಿ ಸಂಗ್ರಾಹಕರು ಬರೀ ಏಜೆಂಟರಲ್ಲ, ಕೆಲಸಗಾರರೇ ಎಂದು ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲೇ ಹೇಳಿದ್ದನ್ನು ಕೋರ್ಟು ಎತ್ತಿಹಿಡಿಯಿತು. ಆ ನ್ಯಾಯಮಂಡಳಿಯ ಆದೇಶದಲ್ಲಿ ಓಡಾಟದ ಭತ್ಯೆಯೂ ಇತ್ತು. ತಿಂಗಳಿಗೆ ಹತ್ತು ಸಾವಿರಕ್ಕಿಂತ ಕಡಿಮೆ ಸಂಗ್ರಹಿಸುವವರಿಗೆ 50 ರೂಪಾಯಿ, ಹೆಚ್ಚು ಸಂಗ್ರಹಿಸುವವರಿಗೆ 100. ಅಪ್ಪ ಆ ಸುದ್ದಿಯನ್ನು ಜಗಲಿಯಲ್ಲಿ ಕೂತು ಎರಡು ಸಲ ಗಟ್ಟಿಯಾಗಿ ಓದಿದರು. “ನೂರು ರೂಪಾಯಿ ಕನ್ವೇಯನ್ಸ್ ಅಂತೆ” ಎಂದರು. ಅವರ ಸಂಘ ಆ ಮೊಕದ್ದಮೆಯಲ್ಲಿ ಇರಲಿಲ್ಲ, ಆದ್ದರಿಂದ ಅವರಿಗೆ ಏನೂ ಬದಲಾಗಲಿಲ್ಲ. ಪೇಪರಿನ ಆ ತುಂಡನ್ನು ಕತ್ತರಿಸಿ ಡೈರಿಯೊಳಗೆ ಇಟ್ಟುಕೊಂಡರು. ಹಣಕ್ಕಿಂತ ಹೆಚ್ಚಾಗಿ, ಡೈರಿಯ ಎಡಗಡೆ ತಾನು ಬರೆಯುತ್ತಿದ್ದ ಚಪ್ಪಲಿ, ಕೊಡೆಗಳನ್ನು ದೆಹಲಿಯ ಒಂದು ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡಿತು ಎಂಬುದೇ ಅವರಿಗೆ ಸಮಾಧಾನವಾಗಿದ್ದಿರಬೇಕು. ಇದು ನನ್ನ ಊಹೆ. ಅವರು ಹೀಗೆಲ್ಲ ಬಾಯಿಬಿಟ್ಟು ಹೇಳುವ ಜನವಲ್ಲ.

ಕಾರು ತಂದ ವರ್ಷ ಒಂದು ದಿನ ಅವರನ್ನು ಕೂರಿಸಿಕೊಂಡು ಅವರ ಹಳೆಯ ಸುತ್ತಿನಲ್ಲೇ ಹೊರಟೆ. ಕಾರ್‌ಸ್ಟ್ರೀಟಿನ ಮುಖದಲ್ಲೇ ಹೂವಿನ ಗಾಡಿ, ಅದರ ಹಿಂದೆ ಟೆಂಪೊ, ಅದರ ಹಿಂದೆ ನಾವು. ಇಪ್ಪತ್ತು ನಿಮಿಷ ಕೂತರು. ಆಮೇಲೆ ಮೆಲ್ಲಗೆ, “ನಡೆದಿದ್ದರೆ ಇಷ್ಟೊತ್ತಿಗೆ ಕುದ್ರೋಳಿ ಮುಗಿಯುತ್ತಿತ್ತು” ಎಂದರು. ಮನೆಗೆ ಬಂದ ಮೇಲೆ ಕೇಳಿದರು, “ಇದು ನಿನ್ನ ಕಾರು ಅಲ್ವಾ? ಆಫೀಸಿಗೆ ಯಾಕೆ ಕೊಟ್ಟದ್ದು?” ಕಿಲೋಮೀಟರಿಗೆ ಎಂಟು ರೂಪಾಯಿ ಕೊಡುತ್ತಾರೆ ಅಪ್ಪ ಎಂದೆ. ಓಹೋ ಎಂದರು, ನಿಜವಾಗಿ ಸಂತೋಷಪಟ್ಟು.

ಈಗ ನನ್ನ ಕಥೆಯ ಸ್ವಲ್ಪ ನಾಚಿಕೆಯ ಭಾಗಕ್ಕೆ ಬರುತ್ತೇನೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಹಿರಿಯ ಸಹೋದ್ಯೋಗಿ ನನ್ನ ಕ್ಲೇಮ್ ನೋಡಿ, “ಎಂತ ಮಾರಾಯ್ತಿ, ಪುತ್ತೂರಿಗೆ 52 ಅಂತ 52ನ್ನೇ ಬರೀತೀಯಾ?” ಎಂದರು. ಮತ್ತೆಷ್ಟು ಬರೆಯುವುದು ಎಂದೆ. “55 ಬರಿ. ಪೆಟ್ರೋಲು ಏರಿದ್ದು ಗೊತ್ತುಂಟಲ್ಲ.” ಬರೆದೆ. ಯಾರೂ ಕೇಳಲಿಲ್ಲ. ಆಮೇಲೆ ಬಿ.ಸಿ. ರೋಡಿಗೆ 25 ಇದ್ದದ್ದು 28 ಆಯಿತು. ಬೆಳಗ್ಗೆ ಮಗಳನ್ನು ಶಾಲೆಗೆ ಬಿಟ್ಟ ಬಳಸುದಾರಿ ಸುರತ್ಕಲ್ಲಿನ ಫೈಲಿನೊಳಗೆ ಸೇರಿಹೋಯಿತು. ಕಬಕದಲ್ಲಿ ಚಿಕ್ಕಮ್ಮನ ಮನೆ. ಪುತ್ತೂರಿನ ಸೈಟು ನೋಡಿದ ದಿನ ಅಲ್ಲಿ ಊಟ ಮಾಡಿ ಬರುತ್ತಿದ್ದೆ, ಅದೂ ಸೇರಿತು. ಕಳ್ಳತನ ಎಂದು ಒಮ್ಮೆಯೂ ಅನ್ನಿಸಲಿಲ್ಲ. ದರ ಏರಲಿಲ್ಲ, ಹಾಗಾಗಿ ದೂರ ಏರಿತು, ಅಷ್ಟೇ. ಆಫೀಸಿನಲ್ಲಿ ಕಾರಿದ್ದ ಆರು ಜನರೂ ಹೀಗೇ. ನಾಲ್ಕೈದು ವರ್ಷಗಳಲ್ಲಿ ಪುತ್ತೂರು, ಕಾರ್ಕಳ, ಸುಳ್ಯಗಳು ಮಂಗಳೂರಿನಿಂದ ಮೂರು ಮೂರು ಕಿಲೋಮೀಟರ್ ಆಚೆ ಸರಿದವು. ಮ್ಯಾನೇಜರಿಗೆ ಗೊತ್ತಿತ್ತು. ಅವರ ಮ್ಯಾನೇಜರಿಗೂ ಗೊತ್ತಿದ್ದಿರಬೇಕು. ದರ ಏರಿಸುವುದಕ್ಕಿಂತ ಕಣ್ಣು ಮುಚ್ಚುವುದು ಅಗ್ಗ.

ಆದಾಯ ತೆರಿಗೆಯವರ ಲೆಕ್ಕವೊಂದು ಬೇರೆ ಇತ್ತು. ಆಗಿನ ನಿಯಮದಂತೆ ಸ್ವಂತ ಕಾರನ್ನು ಆಫೀಸಿಗೂ ಮನೆಗೂ ಬಳಸುವವರಿಗೆ ಸಣ್ಣ ಎಂಜಿನ್ನಿನ ಕಾರಾದರೆ ತಿಂಗಳಿಗೆ 1,800 ರೂಪಾಯಿ ಬಿಟ್ಟುಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ಆಫೀಸಿನದ್ದೇ ಎನ್ನುವುದಾದರೆ ದಿನಾಂಕ, ಹೋದ ಜಾಗ, ದೂರ, ಖರ್ಚು ಇಷ್ಟನ್ನೂ ಬರೆದಿಟ್ಟ ಪುಸ್ತಕ ಬೇಕು. ಮಾಲೀಕರು ಅದಕ್ಕೆ ಪ್ರಮಾಣಪತ್ರ ಕೊಡಬೇಕು. ನಾನೊಂದು ಪುಸ್ತಕ ಇಟ್ಟೆ. ಮೂರು ತಿಂಗಳ ದೂರವನ್ನು ಒಂದೇ ಭಾನುವಾರ ಕೂತು, ಎರಡು ಬೇರೆ ಬೇರೆ ಪೆನ್ನಿನಲ್ಲಿ ತುಂಬಿಸುತ್ತಿದ್ದೆ. ಅಪ್ಪನ ಡೈರಿ ಅದೇ ಕಪಾಟಿನಲ್ಲಿ ಇತ್ತು.

2017ರಲ್ಲಿ ನನಗೆ ಬಡ್ತಿಯಾಯಿತು. ಕ್ಲೇಮ್ ಹಾಕುವುದರ ಜೊತೆಗೆ ಬೇರೆಯವರ ಕ್ಲೇಮ್ ಪಾಸು ಮಾಡುವ ಕೆಲಸವೂ ಬಂತು. ಅದೇ ವರ್ಷ ಆಡಿಟ್‌ನವರು ಬಂದು, ಪುತ್ತೂರು ಯಾಕೆ ಇಷ್ಟು ದೂರ ಎಂದು ಕೊನೆಗೂ ಕೇಳಿದರು. ಯಾರಿಗೂ ಶಿಕ್ಷೆಯಾಗಲಿಲ್ಲ, ಬದಲಿಗೆ ಒಂದು ಪಟ್ಟಿ ಬಂತು. ಮುಖ್ಯ ಕಚೇರಿಯಲ್ಲಿ ಕೂತು ಯಾರೋ ಮ್ಯಾಪ್ ನೋಡಿ ಮಾಡಿದ ಪಟ್ಟಿ. ಎಲ್ಲ ಊರಿಂದ ಎಲ್ಲ ಊರಿಗೆ ಅತಿ ಹತ್ತಿರದ ದಾರಿಯ ದೂರ. ಕ್ಲೇಮಿನಲ್ಲಿ ಅದಕ್ಕಿಂತ ಒಂದು ಕಿಲೋಮೀಟರ್ ಹೆಚ್ಚಿದ್ದರೂ ಕಂಪ್ಯೂಟರಿನಲ್ಲಿ ಆ ಸಾಲು ಕೆಂಪಾಗುತ್ತಿತ್ತು. ಕೆಂಪನ್ನು ನಾನು ಪಟ್ಟಿಯ ಅಂಕಿಗೆ ಇಳಿಸಿ ಒಪ್ಪಿಗೆ ಒತ್ತಬೇಕು. ಪುತ್ತೂರು ತನ್ನ ಜಾಗಕ್ಕೆ ವಾಪಸು ಬಂತು.

ಬಿ.ಸಿ. ರೋಡಿನ ನಮ್ಮ ಸಣ್ಣ ಕಚೇರಿಯಲ್ಲಿ ಒಬ್ಬ ಹುಡುಗನಿದ್ದ. ಕಲ್ಲಡ್ಕದ ಕಡೆಯವನು, ಹಳೆಯ ಸ್ಪ್ಲೆಂಡರ್ ಬೈಕು. ಕಡಿಮೆ ಮಾತು. ಅವನ ಕ್ಲೇಮುಗಳಲ್ಲಿ ಒಂದು ವಿಚಿತ್ರ ಕಂಡಿದ್ದೆ. ಅಂಕಿಗಳು ಯಾವಾಗಲೂ 17, 23, 41 ಹೀಗಿರುತ್ತಿದ್ದವು. ಸೊನ್ನೆ, ಐದುಗಳಲ್ಲಿ ಮುಗಿಯುತ್ತಲೇ ಇರಲಿಲ್ಲ. ಮೀಟರ್ ನೋಡಿ ಬರೆಯುವವರ ಅಂಕಿ ಹಾಗಿರುತ್ತದೆ. ನಮ್ಮದು ಹಾಗಿರಲಿಲ್ಲ.

2018ರ ಜೂನ್ 25ರ ಸಂಜೆ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಬಂಟ್ವಾಳದ ಕಡೆಯಿಂದ ಸೊರ್ನಾಡಿನ ಮೇಲೆ ಕುಪ್ಪೆಪದವಿಗೆ ಹೋಗುವ ಹತ್ತಿರದ ದಾರಿ ಅದು. ನಡುವಿನ ಕಂಬ ಕುಸಿದು ಸ್ಲ್ಯಾಬ್ ನೀರಿಗೆ ಬಾಗಿದ ಫೋಟೋ ಆ ರಾತ್ರಿಯೇ ಎಲ್ಲರ ಫೋನಿಗೂ ಬಂತು. ನನಗೂ ಬಂತು. ನಾನೂ ನಾಲ್ಕು ಗುಂಪುಗಳಿಗೆ ಕಳಿಸಿದೆ. “ಅಯ್ಯೋ, ಹೋದ ವಾರ ಇದರ ಮೇಲೆಯೇ ಹೋಗಿದ್ದೆ” ಎಂದು ಒಂದು ಸಾಲು ಸೇರಿಸಿ ಕಳಿಸಿದ್ದು ಈಗಲೂ ಫೋನಿನಲ್ಲಿದೆ.

ಜುಲೈ ಕೊನೆಗೆ ಕ್ಲೇಮುಗಳು ಬಂದವು. ನಲವತ್ತು ಚಿಲ್ಲರೆ, ಸಂಜೆ ಆರರೊಳಗೆ ಮುಗಿಸಬೇಕು. ಆ ಹುಡುಗನ ಹಾಳೆಯಲ್ಲಿ ಬಿ.ಸಿ. ರೋಡ್–ಕುಪ್ಪೆಪದವು ಮೂರು ಸಲ, ಮೂರೂ ಕೆಂಪು. ಒಂದೊಂದರಲ್ಲಿ ಹೋಗಿಬಂದು 22 ಕಿಲೋಮೀಟರ್ ಹೆಚ್ಚು. ಇವನೂ ಶುರು ಮಾಡಿದನಾ ಎಂದುಕೊಂಡೆ. ಸ್ವಲ್ಪ ಬೇಸರವೂ ಆಯಿತು ಎಂದರೆ ನಂಬಬೇಕು, ನನಗೆ! ಮೂರನ್ನೂ ಪಟ್ಟಿಯ ಅಂಕಿಗೆ ಇಳಿಸಿದೆ. 66 ಕಿಲೋಮೀಟರ್, 231 ರೂಪಾಯಿ. ಒಪ್ಪಿಗೆ ಒತ್ತಿ ಮುಂದಿನ ಹಾಳೆಗೆ ಹೋದೆ.

ಆಗಸ್ಟ್‌ನಲ್ಲಿ ಕುಪ್ಪೆಪದವಿನ ಆ ಮನೆಯ ಸ್ಲ್ಯಾಬ್ ನೋಡಲು ನಾನೇ ಹೋಗಬೇಕಾಯಿತು. ಬಿ.ಸಿ. ರೋಡಿನ ಕಚೇರಿಯಲ್ಲಿ ಚಹಾ ಕುಡಿದು ಹೊರಟೆ. ಅಭ್ಯಾಸದ ದಾರಿ, ಕೈ ತಾನಾಗಿ ಸೊರ್ನಾಡಿನ ಕಡೆಗೆ ತಿರುಗಿಸಿತು. ಮುಂದೆ ಹೋದಾಗ ರಸ್ತೆಗೆ ಅಡ್ಡ ಇಟ್ಟ ಕಲ್ಲು, ಮರದ ಗೆಲ್ಲು, ಆಚೆ ಮಳೆಗಾಲದ ಕೆಂಪು ನೀರು. ಇಳಿದು ನಿಂತೆ. ಅಲ್ಲಿದ್ದ ಒಬ್ಬರು ಅಜ್ಜ, “ಪೊಳಲಿಗಾಗಿ ಕೈಕಂಬಕ್ಕೆ ಹೋಗಿ ತಿರುಗಬೇಕು ಅಕ್ಕ, ಸಂಕ ಇಲ್ಲ” ಎಂದು ತುಳುವಿನಲ್ಲಿ ಹೇಳಿದರು. ಸುತ್ತಿ ಸುತ್ತಿ ಹೋಗುವಾಗ ಪೊಳಲಿಯ ಹತ್ತಿರವೆಲ್ಲೋ ಜುಲೈಯ ಆ ಮೂರು ಕೆಂಪು ಸಾಲುಗಳು ನೆನಪಾದವು. ಮಳೆ ಜೋರಾಗಿತ್ತು. ಅದೇ ಮಳೆಯಲ್ಲಿ ಅವನು ಬೈಕಿನಲ್ಲಿ ಮೂರು ಸಲ ಇದೇ ದಾರಿಯಲ್ಲಿ ಹೋಗಿದ್ದ.

ಮರುದಿನ ಅವನ ಜುಲೈ ಹಾಳೆ ತೆಗೆದು ನೋಡಿದೆ. ಪ್ರತಿ ಸಾಲಿನ ಕೊನೆಗೆ ಷರಾ ಎಂಬ ಕಾಲಂ ಉಂಟು. ಅದನ್ನು ನೋಡಲು ಪರದೆಯನ್ನು ಬಲಕ್ಕೆ ಸರಿಸಬೇಕು, ಯಾರೂ ಸರಿಸುವುದಿಲ್ಲ. ಮೂರೂ ಕಡೆ ಅವನು ಎರಡು ಪದ ಬರೆದಿದ್ದ: ಸೇತುವೆ ಇಲ್ಲ.

ನಮ್ಮ ಪಟ್ಟಿಯಲ್ಲಿ ಇತ್ತು. ಗಟ್ಟಿಯಾಗಿ ನಿಂತಿತ್ತು.

ಮುಗಿದ ತಿಂಗಳನ್ನು ತೆರೆಯಲು ಮುಖ್ಯ ಕಚೇರಿಯ ಅನುಮತಿ ಬೇಕು. ಬರೆದೆ. ಪಟ್ಟಿ ತಿದ್ದಿ ಎಂದೂ ಬರೆದೆ. “ಗಮನಿಸಲಾಗಿದೆ” ಎಂದು ಉತ್ತರ ಬಂತು. ನನ್ನ ಆಗಸ್ಟ್ ಕ್ಲೇಮಿನಲ್ಲಿಯೂ ಕುಪ್ಪೆಪದವು ಕೆಂಪಾಯಿತು. ಮೇಲಿನವರು ಒಂದು ಮಾತು ಕೇಳದೆ ಅದನ್ನು ಪೂರ್ತಿ ಪಾಸು ಮಾಡಿದರು. ಮ್ಯಾನೇಜರ್ ಬರೆದ ಕಿಲೋಮೀಟರ್ ಅಲ್ಲವೇ.

ಎರಡು ನೂರರ ನೋಟು, ಮೂರು ಹತ್ತರ ನೋಟು, ಒಂದು ರೂಪಾಯಿ ನಾಣ್ಯ. ಲಕೋಟೆಯಲ್ಲಿ ಹಾಕಿ ಬಿ.ಸಿ. ರೋಡಿಗೆ ಹೋದಾಗ ಅವನನ್ನು ಹೊರಗೆ ಕರೆದು ಕೊಟ್ಟೆ. ವಿಷಯ ಹೇಳಿದೆ, ತಪ್ಪಾಯಿತು ಎಂದೆ. ಅವನು ಲಕೋಟೆಯನ್ನು ತೆರೆಯಲಿಲ್ಲ. ಸಿಟ್ಟೂ ಇರಲಿಲ್ಲ.

“ನಿಮ್ಮ ದುಡ್ಡು ಯಾಕೆ ಮೇಡಂ? ನಾನು ಹೋದದ್ದು ನಿಮ್ಮ ಮನೆ ಕೆಲಸಕ್ಕೆ ಅಲ್ಲವಲ್ಲ.”

ನನಗೆ ಉತ್ತರ ತೋಚಲಿಲ್ಲ. ಲಕೋಟೆ ಹಿಂದಕ್ಕೆ ಕೊಟ್ಟು ಒಂದೇ ಪ್ರಶ್ನೆ ಕೇಳಿದ: “ಪಟ್ಟಿ ಸರಿ ಮಾಡ್ತಾರಾ?”

ಮಾಡುತ್ತಾರೆ, ಬರೆದಿದ್ದೇನೆ ಎಂದೆ.

ಮಾಡಲಿಲ್ಲ. ನಾನು ಮತ್ತೆರಡು ಸಲ ಬರೆದೆ, ಆಮೇಲೆ ಬಿಟ್ಟೆ. ಜನರು ವರ್ಷಗಟ್ಟಲೆ ಪ್ರತಿಭಟಿಸಿ 2022ರ ಡಿಸೆಂಬರ್ 1ರಿಂದ ಸುರತ್ಕಲ್ ಟೋಲ್ ನಿಂತಾಗಲೂ ನಮ್ಮ ಪಟ್ಟಿಯಲ್ಲಿ ಆ ಗೇಟು ತಿಂಗಳುಗಟ್ಟಲೆ ಉಳಿದಿತ್ತು. ಮೂಲರಪಟ್ಣದಲ್ಲಿ ಮುಂದೆ ಹೊಸ ಸೇತುವೆ ಬಂತು. ಆಗ ನಮ್ಮ ಪಟ್ಟಿ ಯಾರೂ ಮುಟ್ಟದೆ ತಾನಾಗಿ ಸರಿಯಾಯಿತು. ಅದೆಲ್ಲ ಬಹಳ ನಂತರದ ಮಾತು.

ಆ ಸೆಪ್ಟೆಂಬರ್ ಕೊನೆಗೆ ಅವನ ಹಾಳೆ ಬಂದಾಗ ಮೊದಲು ಪರದೆಯನ್ನು ಬಲಕ್ಕೆ ಸರಿಸಿದೆ. ಷರಾ ಕಾಲಂ ಖಾಲಿಯಾಗಿತ್ತು. ಕುಪ್ಪೆಪದವು ಎರಡು ಸಲ ಇತ್ತು, ಎರಡೂ ಸಲ ಪಟ್ಟಿಯಲ್ಲಿದ್ದ ಅಂಕಿಯೇ, ಒಂದು ಕಿಲೋಮೀಟರೂ ಹೆಚ್ಚಿಲ್ಲ. ಯಾವ ಸಾಲೂ ಕೆಂಪಾಗಿರಲಿಲ್ಲ. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಪ್ರಯಾಣವಿತ್ತು. ಬಿ.ಸಿ. ರೋಡಿನಿಂದ ಮೂಡುಬಿದಿರೆ, ಹೋಗಿ ಬಂದು 66 ಕಿಲೋಮೀಟರ್, 231 ರೂಪಾಯಿ.

ಮೂಡುಬಿದಿರೆಯಲ್ಲಿ ಆ ತಿಂಗಳು ನಮ್ಮದೊಂದು ಫೈಲೂ ಇರಲಿಲ್ಲ. ಫೈಲು ನಂಬರಿನ ಜಾಗದಲ್ಲಿ ಅವನು ಹಳೆಯ, ಮುಗಿದ ಸಾಲವೊಂದರ ನಂಬರು ಹಾಕಿದ್ದ. ಸ್ಥಳದ ಫೋಟೋ ಇರಲಿಲ್ಲ.

ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತೆ. ಹೊರಗೆ ಬಲ್ಮಠದ ಇಳಿಜಾರಿನಲ್ಲಿ ಬಸ್ಸುಗಳು ಹಾರ್ನ್ ಮಾಡುತ್ತಿದ್ದವು. ಆಮೇಲೆ ಒಪ್ಪಿಗೆ ಒತ್ತಿದೆ. ಸಾಲು ಹಸಿರಾಯಿತು.